ಓದಲಾಗದ ಕರಾರಿಗೆ ಸಹಿ ಬೇಡ

ವರ್ಷದ ಶುಲ್ಕವನ್ನು ಒಮ್ಮೆಲೇ ಕಟ್ಟಿದರೆ ರಿಯಾಯಿತಿ ಎಂಬ ಆಮಿಷವೊಡ್ಡುವ ಜಿಮ್‌ಗಳಲ್ಲಿ ಕೆಲವು ತಿಂಗಳೊಪ್ಪತ್ತಿನಲ್ಲೇ ಬಾಗಿಲು ಮುಚ್ಚುತ್ತವೆ. ಇನ್ನು ಕೆಲವು, ಹೇಳಿದ ತರಬೇತಿ ನೀಡದೆ, ಹಣ ಮರಳಿ ಕೇಳಿದವರಿಗೆ ‘ಶುಲ್ಕ ಹಿಂತಿರುಗಿಸಲಾಗದು’ ಎಂಬ ಷರತ್ತನ್ನು ತೋರಿಸುತ್ತವೆ. ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಮುದ್ರಿತವಾದ ಆ ಷರತ್ತು, ಓದಲಾಗದೆ ಸಹಿ ಹಾಕಿದ ಕಾಸರಗೋಡಿನ ಕನ್ನಡಿಗನಿಗೆ ಅರ್ಥವಾಗುವುದು ಆಗಲೇ.

ಆದರೆ ಅದೇ ಕೊನೆಯ ಮಾತಲ್ಲ. ಹಣ ಪಡೆದು ಒಪ್ಪಿದ ಸೇವೆ ನೀಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಸೇವಾ ನ್ಯೂನತೆ. ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ 2 ವರ್ಷಗಳೊಳಗೆ ದೂರು ಸಲ್ಲಿಸಬಹುದು. ತೆತ್ತ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. 18 ವರ್ಷ ತುಂಬದ ವಿದ್ಯಾರ್ಥಿ ಹಾಕಿದ ಸಹಿಯಂತೂ 1872ರ ಕರಾರು ಕಾಯಿದೆಯ ಪ್ರಕಾರ ಅವನನ್ನು ಬಂಧಿಸದು.

ರಸೀದಿಯನ್ನೂ ಕರಾರಿನ ಪ್ರತಿಯನ್ನೂ ಜೋಪಾನವಾಗಿಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲಿಯೂ ದೂರು ಹೇಳಿಕೊಳ್ಳಬಹುದು.