ಅರ್ಧ ಗಂಟೆಯ ಅಮಲು

ಶಿವಾಜಿನಗರ, ಹಲಸೂರು, ಇಂದಿರಾನಗರಗಳ ನಮ್ಮ ಕುಟುಂಬಗಳಲ್ಲಿ ಮದುವೆ, ಜ್ಞಾನಸ್ನಾನಗಳ ಸಂಭ್ರಮಕ್ಕೆ ಒಂದು ಲೋಟ ದ್ರಾಕ್ಷಾರಸ ಹೊಸದೇನಲ್ಲ. ಆದ್ದರಿಂದಲೇ ಕುಡಿದು ಬಂದ ಮಗನನ್ನು ನಮ್ಮ ತಾಯಂದಿರು ಬಾಗಿಲಲ್ಲೇ ಗುರುತಿಸಬಲ್ಲರು. ಕೊಕೇನ್ ಅವರ ಕಣ್ಣನ್ನೂ ತಪ್ಪಿಸುತ್ತದೆ. ಬಾಯಲ್ಲಿ ವಾಸನೆಯಿಲ್ಲ, ಹೆಜ್ಜೆಯಲ್ಲಿ ತೂರಾಟವಿಲ್ಲ.

ದಕ್ಷಿಣ ಅಮೆರಿಕದ ಕೋಕಾ ಎಲೆಯಿಂದ ತೆಗೆಯುವ ಈ ಬಿಳಿ ಪುಡಿ ಒಂದು ಕಾಲಕ್ಕೆ ಔಷಧವೇ ಆಗಿತ್ತು. 1884ರಲ್ಲಿ ವಿಯೆನ್ನಾದ ವೈದ್ಯ ಕಾರ್ಲ್ ಕೊಲ್ಲರ್ ಕಣ್ಣಿನ ಶಸ್ತ್ರಚಿಕಿತ್ಸೆಗೆ ಇದನ್ನು ಅರಿವಳಿಕೆಯಾಗಿ ಬಳಸಿದರು. ಕಳೆದ ಶತಮಾನದ ಆರಂಭದಲ್ಲಿ ಕಲ್ಕತ್ತ, ಮುಂಬಯಿಗಳಲ್ಲಿ ವೀಳ್ಯದೊಳಗಿಟ್ಟು ಅಗಿಯುವ ಚಟವೂ ಇತ್ತೆಂದರೆ ಇಂದಿನವರಿಗೆ ಅಚ್ಚರಿಯಾದೀತು.

ಮಿದುಳಿನಲ್ಲಿ ಸುಖದ ಸಂದೇಶ ಒಯ್ಯುವ ಡೋಪಮಿನ್ ತನ್ನ ಕೆಲಸ ಮುಗಿಸಿ ನರಕೋಶಕ್ಕೆ ಹಿಂದಿರುಗಬೇಕು. ಕೊಕೇನ್ ಆ ದಾರಿಯನ್ನೇ ಮುಚ್ಚಿಬಿಡುತ್ತದೆ. ಮಾತು ಹರಿಯುತ್ತದೆ, ಹಸಿವು ನಿದ್ರೆಗಳು ದೂರವಾಗುತ್ತವೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ತನಗೆ ಅಸಾಧ್ಯವಾದುದೇ ಇಲ್ಲವೆಂಬ ಭ್ರಮೆ ಆವರಿಸುತ್ತದೆ. ಮೂಗಿನಿಂದ ಸೇದಿದರೆ ಈ ಉಲ್ಲಾಸದ ಆಯುಸ್ಸು 15ರಿಂದ 30 ನಿಮಿಷ. ಅನಂತರ ಬಳಲಿಕೆ, ಸಿಡುಕು, ಎಲ್ಲರೂ ತನ್ನ ವಿರುದ್ಧ ಪಿತೂರಿ ನಡೆಸುತ್ತಿದ್ದಾರೆಂಬ ಶಂಕೆ. ಅದನ್ನು ನೀಗಲು ಮತ್ತೊಂದು ಚಿಟಿಕೆ.

ಇತ್ತ ದೇಹದ ಪಾಡೇ ಬೇರೆ. ಹೃದಯ ವೇಗವಾಗಿ ಬಡಿಯುತ್ತದೆ, ರಕ್ತದೊತ್ತಡವೂ ಮೈಬಿಸಿಯೂ ಏರುತ್ತವೆ, ರಕ್ತನಾಳಗಳು ಮಾತ್ರ ಕುಗ್ಗುತ್ತವೆ. ಹೃದಯಕ್ಕೆ ಹೆಚ್ಚು ರಕ್ತ ಬೇಕಾದ ಹೊತ್ತಿಗೇ ಅದರ ಪೂರೈಕೆ ತಗ್ಗುತ್ತದೆ. ಸೇವಿಸಿದ ಮೊದಲ ಒಂದು ಗಂಟೆಯಲ್ಲಿ ಹೃದಯಾಘಾತದ ಅಪಾಯ ಸುಮಾರು 24 ಪಟ್ಟು ಏರುವುದೆಂದು 1999ರಲ್ಲಿ ಅಮೆರಿಕದ ಸಂಶೋಧಕರು ಕಂಡುಕೊಂಡರು. ಹಳೆಯ ವ್ಯಸನಿಯೇ ಆಗಿರಬೇಕೆಂದಿಲ್ಲ. ಜೊತೆಗೆ ಮದ್ಯ ಸೇರಿದರೆ ಯಕೃತ್ತಿನಲ್ಲಿ ಕೋಕಾಎಥಿಲೀನ್ ಹುಟ್ಟುತ್ತದೆ. ಹೃದಯಕ್ಕೆ ಅದು ಇನ್ನೂ ಕ್ರೂರ. ನಮ್ಮ ಸಂತೋಷಕೂಟಗಳನ್ನು ನೆನೆದಾಗ ಈ ಮಾತು ನನ್ನನ್ನು ಹೆಚ್ಚು ಕಾಡುತ್ತದೆ.

ಎದೆನೋವೆಂದು ಮಗನನ್ನು ಬೌರಿಂಗ್ ಆಸ್ಪತ್ರೆಗೆ ಕರೆದೊಯ್ದ ತಂದೆ, ಧರ್ಮಕೇಂದ್ರದಲ್ಲೆಲ್ಲ ಸುದ್ದಿಯಾದೀತೆಂದು ಬಾಯಿ ಬಿಗಿಹಿಡಿದರೆ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಹೃದ್ರೋಗಿಗಳಿಗೆ ಸಾಮಾನ್ಯವಾಗಿ ಕೊಡುವ ಬೀಟಾ ಬ್ಲಾಕರ್ ಔಷಧಗಳಲ್ಲಿ ಕೆಲವು, ಕೊಕೇನ್ ಸೇವಿಸಿದವನ ರಕ್ತನಾಳಗಳನ್ನು ಇನ್ನಷ್ಟು ಬಿಗಿಗೊಳಿಸಬಹುದು. ಏನು, ಎಷ್ಟು ಹೊತ್ತಿಗೆ, ಯಾವುದರ ಜೊತೆ ಸೇವಿಸಿದನೆಂಬುದನ್ನು ವೈದ್ಯರಿಗೆ ಕೂಡಲೇ ಹೇಳಬೇಕು.

ಪೊಲೀಸರ ಭಯವೂ ಉಂಟು. ಆದರೆ 1985ರ ಮಾದಕ ವಸ್ತುಗಳ ಕಾಯಿದೆಯ 64ಎ ಕಲಮಿನಂತೆ, ತಾನಾಗಿಯೇ ಚಿಕಿತ್ಸೆಗೆ ಮುಂದಾಗಿ ಸರ್ಕಾರದ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಅದನ್ನು ಪೂರೈಸುವ ವ್ಯಸನಿಗೆ, ಸೇವನೆ ಮತ್ತು ಅಲ್ಪ ಪ್ರಮಾಣದ ಅಪರಾಧಗಳಿಗಾಗಿ ಮೊಕದ್ದಮೆಯಿಂದ ರಕ್ಷಣೆಯುಂಟು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. 14446 ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ.