ಬ್ಯಾಸ್ಕೆಟ್‌ಬಾಲ್ ಚೆನ್ನಾಗಿ ಆಡಿದರೆ ಅಮೆರಿಕದ ಕಾಲೇಜಿನಲ್ಲಿ ಸೀಟು ಗ್ಯಾರಂಟಿಯೇ?

“ನಿಮ್ಮ ಮಗ ಬ್ಯಾಸ್ಕೆಟ್‌ಬಾಲ್ ಆಡುತ್ತಾನಾ? ಅಮೆರಿಕದ ಹೆಸರಾಂತ ಕಾಲೇಜಿನಲ್ಲಿ ಫುಲ್ ಸ್ಕಾಲರ್‌ಶಿಪ್. ಮಾರ್ಕ್ಸ್ ಮುಖ್ಯವಲ್ಲ. ಸೀಟು ಕಾದಿರಿಸಲು ಇಂದೇ ಹಣ ಕಟ್ಟಿ.” ಇಂಥದ್ದೊಂದು ವಾಟ್ಸಾಪ್ ಸಂದೇಶವನ್ನು ಕೊಡಗಿನ ಓದುಗರೊಬ್ಬರು ನಮಗೆ ಕಳಿಸಿ, “ಕಟ್ಟಬಹುದಾ?” ಎಂದು ಕೇಳಿದ್ದಾರೆ. ಕಾಫಿ ಮಾರಿದ ದುಡ್ಡು ಕೈಯಲ್ಲಿದೆಯಂತೆ. ಹಾಗಾಗಿ ಉತ್ತರವನ್ನು ಮೊದಲೇ ಹೇಳುತ್ತೇವೆ: ಕಟ್ಟಬೇಡಿ. ಕಾರಣ ಮುಂದಿದೆ.

ಹಾಗಾದರೆ ಸ್ಕಾಲರ್‌ಶಿಪ್ ಎಂಬುದೇ ಸುಳ್ಳಾ?

ಅಲ್ಲ. ಬೆಂಗಳೂರಿನ ಸಂಜನಾ ರಮೇಶ್ ಬ್ಯಾಸ್ಕೆಟ್‌ಬಾಲ್ ಆಡಿಯೇ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡ ಸೇರಿದರು. ಅಮೆರಿಕದ ಕಾಲೇಜು ಕ್ರೀಡೆಯನ್ನು ಹೆಚ್ಚಾಗಿ ನಡೆಸುವುದು ಎನ್‌ಸಿಎಎ ಎಂಬ ಸಂಸ್ಥೆ. ಅದರಲ್ಲಿ ಮೂರು ಡಿವಿಷನ್‌ಗಳಿವೆ. ಮೊದಲ ಎರಡರಲ್ಲಿ ಆಟಕ್ಕೆಂದೇ ಸ್ಕಾಲರ್‌ಶಿಪ್ ಕೊಡಬಹುದು. ಮೂರನೆಯದರಲ್ಲಿ ನಾನೂರಕ್ಕೂ ಹೆಚ್ಚು ಕಾಲೇಜುಗಳಿವೆ. ಓದಿಗೆ ಹೆಸರಾದ ಸಣ್ಣ ಕಾಲೇಜುಗಳು ಬಹುಪಾಲು ಇರುವುದು ಇಲ್ಲೇ. ಇಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಕೊಡುವಂತೆಯೇ ಇಲ್ಲ, ಅದು ನಿಯಮ. ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್ ಮೊದಲ ಡಿವಿಷನ್‌ನಲ್ಲಿದ್ದರೂ ಅವೂ ಕೊಡುವುದಿಲ್ಲ. ಅಂದರೆ “ಹೆಸರಾಂತ ಕಾಲೇಜು, ಮಾರ್ಕ್ಸ್ ಬೇಡ, ಆಟಕ್ಕೆ ಪೂರ್ತಿ ಹಣ” ಈ ಮೂರೂ ಒಟ್ಟಿಗೆ ಸಿಗುತ್ತವೆ ಎಂದವರ ಮಾತನ್ನು ನಂಬಬೇಡಿ.

ಮತ್ತೆ ಕೋಚ್ ಏನು ಮಾಡುತ್ತಾರೆ?

ಸಣ್ಣ ಕಾಲೇಜಿನ ಕೋಚ್ ಆಟಗಾರರನ್ನು ಹುಡುಕುವುದು ನಿಜ. ವಿದ್ಯಾರ್ಥಿಯೇ ಕೋಚ್‌ಗೆ ಇಮೇಲ್ ಬರೆದು ಎತ್ತರ, ಆಡುವ ಸ್ಥಾನ ಮತ್ತು ಅಂಕಗಳನ್ನು ತಿಳಿಸಿ ಆಟದ ವಿಡಿಯೊ ಕಳಿಸುತ್ತಾರೆ. ಬರೀ ಬಾಸ್ಕೆಟ್ ಹಾಕಿದ ತುಣುಕುಗಳು ಸಾಲದು, ಒಂದು ಪೂರ್ತಿ ಪಂದ್ಯವನ್ನೂ ಕೋಚ್ ಕೇಳಬಹುದು. ಚೆಂಡು ಕೈಯಲ್ಲಿಲ್ಲದಾಗ ಹುಡುಗ ಏನು ಮಾಡುತ್ತಾನೆ ಎಂಬುದು ಅದರಲ್ಲೇ ಕಾಣುವುದು.

ಆಟ ಹಿಡಿಸಿದರೆ ಅನೇಕ ಕಾಲೇಜುಗಳಲ್ಲಿ ಕೋಚ್ ಅಂಕಪಟ್ಟಿಯನ್ನು ಪ್ರವೇಶ ವಿಭಾಗಕ್ಕೆ ಕೊಟ್ಟು, “ಈ ಹುಡುಗನಿಗೆ ಸೀಟು ಸಿಗುವ ಸಾಧ್ಯತೆ ಇದೆಯಾ?” ಎಂದು ಮುಂಚಿತವಾಗಿ ಕೇಳುತ್ತಾರೆ. ಇಲ್ಲ ಎಂಬ ಉತ್ತರ ಬಂದರೆ ಕಥೆ ಅಲ್ಲಿಗೇ ಮುಗಿಯಿತು. ಸಾಧ್ಯತೆ ಇದ್ದರೆ ಕೋಚ್ ಬೆಂಬಲ ಸೂಚಿಸಬಹುದು, ಸರಿಸಮ ಅರ್ಜಿಗಳ ನಡುವೆ ಅದು ತೂಕ ತರುತ್ತದೆ. ಆದರೆ ಕೊನೆಯ ತೀರ್ಮಾನ ಪ್ರವೇಶ ವಿಭಾಗದ್ದು. ಎಂಐಟಿಯಂಥ ಕಡೆ ಕೋಚ್ ಮೆಚ್ಚಿದವರಿಗೂ ಸೀಟು ಸಿಗದೇ ಹೋಗುವುದುಂಟು.

ಇಲ್ಲಿ ನಮ್ಮ ಪಿಯು ಮಕ್ಕಳು ಎಡವುವ ಒಂದು ಜಾಗವಿದೆ. “ಫಸ್ಟ್ ಪಿಯು ಲೆಕ್ಕಕ್ಕಿಲ್ಲ, ಆ ವರ್ಷ ಟೂರ್ನಮೆಂಟ್ ಆಡಿಕೋ” ಎಂಬುದು ನಮ್ಮಲ್ಲಿ ಸಾಮಾನ್ಯ ಮಾತು. ಅಮೆರಿಕದ ಕಾಲೇಜು ಒಂಬತ್ತನೇ ತರಗತಿಯಿಂದಲೇ ಅಂಕ ನೋಡುತ್ತದೆ. ಕೋಚ್ ವಿಚಾರಿಸುವ ಹೊತ್ತಿಗೆ ಕೈಯಲ್ಲಿರುವುದು ಆ ಫಸ್ಟ್ ಪಿಯು ಅಂಕಪಟ್ಟಿಯೇ!

ಹಣ ಎಲ್ಲಿಂದ?

ಅನೇಕ ಖಾಸಗಿ ಕಾಲೇಜುಗಳಲ್ಲಿ ವರ್ಷದ ಒಟ್ಟು ಖರ್ಚು 80,000 ಡಾಲರ್ ದಾಟಿದೆ. ನೆರವು ಸಿಗುವುದು ಕುಟುಂಬದ ಸ್ಥಿತಿ ನೋಡಿ, ಕೆಲವೆಡೆ ಓದಿನ ಮೇಲೆ. ಆಮ್ಹರ್ಸ್ಟ್, ಬೋಡನ್, ಎಂಐಟಿ ವಿದೇಶಿ ವಿದ್ಯಾರ್ಥಿಗಳ ಅರ್ಜಿಯನ್ನೂ ಅವರ ಹಣದ ಸ್ಥಿತಿ ಗಮನಿಸದೆ ಆರಿಸಿ, ಅಗತ್ಯವಿದ್ದಷ್ಟು ನೆರವು ಕೊಡುತ್ತವೆ. ಹೀಗೆ ಮಾಡುವ ಕಾಲೇಜುಗಳು ಬೆರಳೆಣಿಕೆಯಷ್ಟು. ಉಳಿದ ಕಡೆ “ನಮಗೆ ನೆರವು ಬೇಕು” ಎಂದು ಬರೆದರೆ ವಿದೇಶಿ ಅರ್ಜಿಯ ದಾರಿ ಇನ್ನಷ್ಟು ಕಿರಿದಾಗಬಹುದು. ಅನೇಕ ಕಾಲೇಜುಗಳು ಕೇಳುವ ಸಿಎಸ್‌ಎಸ್ ಪ್ರೊಫೈಲ್ ಅರ್ಜಿಯಲ್ಲಿ ಕೃಷಿ ಜಮೀನಿನ ಮೌಲ್ಯ, ಸಾಲ ಎಲ್ಲವನ್ನೂ ತುಂಬಬೇಕು. ಆದ್ದರಿಂದ ಕಾಫಿ ತೋಟ ಇರುವವರು ಕಾಗದಪತ್ರ ಮೊದಲೇ ಜೋಡಿಸಿಕೊಳ್ಳುವುದು ಒಳ್ಳೆಯದು.

“ನಮ್ಮ ಹುಡುಗ ಹಾಕಿ ಆಡ್ತಾನೆ”

ಕೊಡಗಿನಲ್ಲಿ ಈ ಪ್ರಶ್ನೆ ಬರದೇ ಇರುತ್ತದೆಯೇ? 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿಯಲ್ಲಿ 2024ರ ಹೊತ್ತಿಗೆ 360 ತಂಡಗಳು ಆಡಿದವು. ಆದರೆ ಅಮೆರಿಕದಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟ. ನಮ್ಮ ಹಾಕಿ ಎನ್‌ಸಿಎಎಯಲ್ಲಿ ಹುಡುಗಿಯರಿಗೆ ಮಾತ್ರ ಇದೆ, ಹುಡುಗರ ವಿಭಾಗವೇ ಇಲ್ಲ. ಆದ್ದರಿಂದ ಹುಡುಗನಿಗೆ ಎನ್‌ಸಿಎಎ ಫೀಲ್ಡ್ ಹಾಕಿ ಸ್ಕಾಲರ್‌ಶಿಪ್ ಎಂದು ಫಾರ್ವರ್ಡ್ ಬಂದರೆ ಅಳಿಸಿಬಿಡಿ. ಹುಡುಗಿಗಾದರೆ ವಿಚಾರಿಸಬಹುದು.

ಹತ್ತಿರದ ದಾರಿಗಳೂ ಇವೆ. ಕೂಡಿಗೆಯಲ್ಲಿ ಕ್ರೀಡಾ ಶಾಲೆ ಇದೆ, ಪೊನ್ನಂಪೇಟೆಯಲ್ಲಿ ಕ್ರೀಡಾ ಹಾಸ್ಟೆಲ್ ಇದೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದಿಸುತ್ತದೆ. ಅಮೆರಿಕದ ಸಣ್ಣ ಕಾಲೇಜಿಗಿಂತ ನೇರವಾಗಿ ಆಟಕ್ಕೇ ಬೆಲೆ ಕೊಡುವ ವ್ಯವಸ್ಥೆ ಇದು ಎಂದು ನಮಗನ್ನಿಸುತ್ತದೆ.

ಸೀಟು ಕಾದಿರಿಸುವ ಹಣ?

2019ರಲ್ಲಿ ಅಮೆರಿಕದಲ್ಲೇ ದೊಡ್ಡ ಹಗರಣ ಬಯಲಾಯಿತು. ರಿಕ್ ಸಿಂಗರ್ ಎಂಬ ಸಲಹೆಗಾರ ಶ್ರೀಮಂತರ ಮಕ್ಕಳನ್ನು ಸುಳ್ಳು ಕ್ರೀಡಾಪಟುಗಳೆಂದು ತೋರಿಸಿ, ಕೋಚ್‌ಗಳಿಗೆ ಲಂಚ ಕೊಟ್ಟು ಸೀಟು ಕೊಡಿಸುತ್ತಿದ್ದ. ಅವನಿಗೆ ಮೂರೂವರೆ ವರ್ಷ ಜೈಲಾಯಿತು, ಹಣ ಕೊಟ್ಟ ಹಲವು ಪೋಷಕರೂ ಒಳಗೆ ಹೋದರು.

ಅರ್ಜಿ ಶುಲ್ಕವನ್ನು ಕಾಲೇಜಿಗೇ ಆನ್‌ಲೈನ್‌ನಲ್ಲಿ ಕಟ್ಟುವುದು, ಕಷ್ಟವಿದ್ದರೆ ಹಲವೆಡೆ ಮನ್ನಾ ಕೇಳಬಹುದು. ನಡುವಿನವರು ಕೋಚ್ ಹೆಸರು ಹೇಳಿದರೆ, ಆ ಕಾಲೇಜಿನ ವೆಬ್‌ಸೈಟ್ ತೆರೆದು ತಂಡದ ಪುಟದಲ್ಲಿರುವ ಇಮೇಲ್‌ಗೆ ನಿಮ್ಮ ಮಗನೇ ಬರೆಯಲಿ. ಅದಕ್ಕೆ ಒಂದು ರೂಪಾಯಿಯೂ ಬೇಕಿಲ್ಲ.