ತಟ್ಟೆಯೇ ತಿನಿಸಾದಾಗ
(ಬಾನುಲಿ ಭಾಷಣ)

ರೋಮಿನ ಮಹಾಕವಿ ವರ್ಜಿಲನ ‘ಈನೀಡ್’ ಕಾವ್ಯದಲ್ಲಿ ಹಸಿವಿನ ಶಾಪವೊಂದು ಬರುತ್ತದೆ. ಟ್ರಾಯ್ ನಗರ ಬೂದಿಯಾದ ಮೇಲೆ ಹೊಸ ನೆಲೆಯನ್ನು ಅರಸಿ ಹೊರಟ ಈನಿಯಾಸನಿಗೂ ಅವನ ಸಂಗಡಿಗರಿಗೂ, ಹಕ್ಕಿಯ ಮೈ ಹೆಣ್ಣಿನ ಮುಖವುಳ್ಳ ಒಂದು ವಿಕಾರ ಜೀವಿ, ಹಸಿವಿನಿಂದ ತಮ್ಮ ಊಟದ ಮೇಜುಗಳನ್ನೇ ತಿನ್ನುವ ತನಕ ಅವರಿಗೆ ಊರು ಕಟ್ಟುವ ಭಾಗ್ಯವಿಲ್ಲವೆಂದು ಮೂರನೆಯ ಸರ್ಗದಲ್ಲಿ ಶಪಿಸುತ್ತದೆ. ಏಳನೆಯ ಸರ್ಗದಲ್ಲಿ ಅವರು ಇಟಲಿಯ ದಡ ಸೇರಿ, ಮರದ ನೆರಳಿನಲ್ಲಿ ಕುಳಿತು, ಗೋಧಿಯ ತೆಳುರೊಟ್ಟಿಗಳನ್ನು ಹುಲ್ಲಿನ ಮೇಲೆ ಹಾಸಿ, ಅವುಗಳ ಮೇಲೆ ಕಾಡಿನ ಹಣ್ಣುಗಳನ್ನು ಇಟ್ಟುಕೊಂಡು ತಿನ್ನುತ್ತಾರೆ. ಹಸಿವು ಅಡಗದೆ, ಕೆಳಗಿನ ರೊಟ್ಟಿಯನ್ನೂ ಮುರಿದು ಬಾಯಿಗಿಡುತ್ತಾರೆ. ಆಗ ಈನಿಯಾಸನ ಎಳೆಯ ಮಗ, ನಾವು ಮೇಜನ್ನೂ ಬಿಡಲಿಲ್ಲವಲ್ಲ ಎಂಬ ಅರ್ಥ ಬರುವಂತೆ ನಗೆಯಾಡುತ್ತಾನೆ. ಶಾಪ ನಗೆಯಾಗಿ ಕರಗಿ, ಅಲೆದವರಿಗೆ ನೆಲೆ ಸಿಗುತ್ತದೆ.

ಇದನ್ನೇ ಪಿಜ್ಜಾದ ಹುಟ್ಟು ಎಂದರೆ ಅದು ಅತಿಮಾತಾದೀತು. ಆದರೆ ಪಿಜ್ಜಾದ ತತ್ತ್ವ ಇಲ್ಲಿದೆ. ರೊಟ್ಟಿಯೇ ತಟ್ಟೆ, ತಟ್ಟೆಯೇ ಊಟದ ಕೊನೆಯ ತುತ್ತು. ತಟ್ಟೆ ಮೇಜುಗಳ ಅನುಕೂಲವಿಲ್ಲದವನು, ನಿಂತಲ್ಲೇ ಉಣ್ಣಬೇಕಾದವನು, ಒಂಟಿಯಾಗಿ ಉಣ್ಣುವವನು ಕಂಡುಕೊಂಡ ಉಪಾಯವಿದು. ಈ ಕೊನೆಯವನ ಸಲುವಾಗಿಯೇ ಈ ವಿಷಯವನ್ನು ಎತ್ತಿಕೊಂಡಿದ್ದೇನೆ. ಮಕ್ಕಳು ದೂರದೂರುಗಳಲ್ಲಿ ನೆಲೆಸಿ, ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದ ಹಿರಿಯರು ನಮ್ಮ ಪಟ್ಟಣಗಳಲ್ಲಿ ಎಷ್ಟು ಮಂದಿಯಿಲ್ಲ? ‘ಒಬ್ಬರಿಗಾಗಿ ಒಲೆ ಹಚ್ಚುವುದೇಕೆ’ ಎಂದುಕೊಂಡು ಚಹ ಬಿಸ್ಕತ್ತುಗಳಲ್ಲಿ ರಾತ್ರಿ ಕಳೆಯುವವರನ್ನು ನಾನು ಬಲ್ಲೆ. ಅಂಥವರಿಗೆ ಕಾಲು ಗಂಟೆಯಲ್ಲಿ ಆಗುವ, ಹಗುರವಾದ, ಒಬ್ಬರ ಅಳತೆಗೇ ಒದಗುವ ತಿನಿಸು ಬೇಕು. ಪೀಟಾ ಎಂಬ ರೊಟ್ಟಿಯ ಮೇಲೆ ಮಾಡುವ ಪುಟ್ಟ ಪಿಜ್ಜಾ ಅಂಥದೊಂದು.

ಮೊದಲು ಹೆಸರಿನ ಮಾತು. ‘ಪಿಜ್ಜಾ’ ಎಂಬ ಪದದ ಹಳೆಯ ದಾಖಲೆ ಸಿಗುವುದು ಯಾವ ಪಾಕಶಾಸ್ತ್ರದಲ್ಲಿಯೂ ಅಲ್ಲ, ಒಂದು ಕರಾರು ಪತ್ರದಲ್ಲಿ. ರೋಮಿಗೂ ನೇಪಲ್ಸಿಗೂ ನಡುವೆ ಕಡಲ ದಡದಲ್ಲಿರುವ ಗಯೇತಾ ಪಟ್ಟಣದ ಕ್ರಿ. ಶ. ೯೯೭ರ ಲ್ಯಾಟಿನ್ ಪತ್ರ ಅದು. ಕ್ರಿಸ್ತಜಯಂತಿಗೆ ಹನ್ನೆರಡು, ಈಸ್ಟರ್ ಹಬ್ಬಕ್ಕೆ ಹನ್ನೆರಡು ಪಿಜ್ಜಾಗಳನ್ನು ಅಲ್ಲಿನ ಬಿಷಪ್ಪನಿಗೆ ಸಲ್ಲಿಸತಕ್ಕದ್ದು ಎಂದು ಅದರಲ್ಲಿದೆ. ನಂದಾದೀವಿಗೆಗೆ ಇಷ್ಟು ಎಣ್ಣೆ, ನೈವೇದ್ಯಕ್ಕೆ ಇಷ್ಟು ಅಕ್ಕಿ ಎಂದು ಲೆಕ್ಕವಿಟ್ಟ ನಮ್ಮ ಶಾಸನಗಳನ್ನು ಓದಿದವರಿಗೆ ಈ ಧಾಟಿ ಹೊಸದೆನಿಸದು. ಪೀಟಾ ಮತ್ತು ಪಿಜ್ಜಾ ಒಂದೇ ಬಳ್ಳಿಯ ಹೆಸರುಗಳೆನ್ನುವ ಪಂಡಿತರಿದ್ದಾರೆ, ಒಪ್ಪದವರೂ ಇದ್ದಾರೆ. ಹೆಸರುಗಳ ನಂಟು ಹೇಗೇ ಇರಲಿ, ರೊಟ್ಟಿಗಳ ನಂಟಂತೂ ದಿಟ.

ಆ ೯೯೭ರ ಪಿಜ್ಜಾದ ಮೇಲೆ ಟೊಮೇಟೊ ಇರಲಿಲ್ಲ, ಇರುವಂತೆಯೂ ಇರಲಿಲ್ಲ. ಟೊಮೇಟೊ ಅಮೆರಿಕಾ ಖಂಡದ ಬೆಳೆ. ಹದಿನಾರನೆಯ ಶತಮಾನದಲ್ಲಿ ಅದು ಯೂರೋಪನ್ನು ಮುಟ್ಟಿತು. ಮತ್ತಿಯೋಲಿ ಎಂಬ ಇಟಲಿಯ ವೈದ್ಯ ೧೫೪೪ರಲ್ಲಿ ಅದನ್ನು ವರ್ಣಿಸಿದ್ದಾನೆ. ಇಟಲಿಯ ಭಾಷೆಯಲ್ಲಿ ಅದಕ್ಕೆ ‘ಚಿನ್ನದ ಸೇಬು’ ಎಂಬ ಅರ್ಥದ ಹೆಸರು ನಿಂತಿತಾದರೂ, ಜನ ಅದನ್ನು ಬಹುಕಾಲ ಸಂಶಯದಿಂದಲೇ ಕಂಡರು. ನಮ್ಮ ಸಾರಿನ ಮೆಣಸಿನಕಾಯಿ, ಟೊಮೇಟೊಗಳೂ ಅದೇ ಖಂಡದಿಂದ ಬಂದವು ಎಂಬುದನ್ನು ನೆನೆದರೆ, ಅಡುಗೆಮನೆಯಲ್ಲಿ ‘ಸ್ವದೇಶಿ’, ‘ಪರದೇಶಿ’ ಎಂಬ ಮಾತುಗಳನ್ನು ತುಸು ಎಚ್ಚರದಿಂದ ಆಡಬೇಕೆನಿಸುತ್ತದೆ.

ಬಡವರ ಪಿಜ್ಜಾ ಬೆಳೆದದ್ದು ನೇಪಲ್ಸಿನ ಬೀದಿಗಳಲ್ಲಿ. ಫ್ರೆಂಚ್ ಕಾದಂಬರಿಕಾರ ಅಲೆಕ್ಸಾಂಡರ್ ದ್ಯುಮಾ, ೧೮೪೩ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ, ಪಿಜ್ಜಾದ ಬೆಲೆ ನೋಡಿದರೆ ಊರಿನ ಮಾರುಕಟ್ಟೆಯ ಸ್ಥಿತಿ ತಿಳಿಯುತ್ತದೆ ಎನ್ನುತ್ತಾನೆ. ಮೀನಿನ ಪಿಜ್ಜಾ ಅಗ್ಗವಾದರೆ ಕಡಲು ಕೈಹಿಡಿದಿದೆ. ಎಣ್ಣೆಯ ಪಿಜ್ಜಾ ತುಟ್ಟಿಯಾದರೆ ಆಲಿವ್ ಬೆಳೆ ಕೆಟ್ಟಿದೆ. ಇಂದು ತಿಂದು ಎಂಟು ದಿನಗಳ ಮೇಲೆ ಹಣ ಕೊಡುವ ಕಡದ ವ್ಯವಸ್ಥೆಯೂ ಅಲ್ಲಿತ್ತು. ದ್ಯುಮಾ ಅದನ್ನು ತಪ್ಪು ತಿಳಿದು, ಎಂಟು ದಿನ ಹಳಸಿದ ಪಿಜ್ಜಾ ಎಂದು ಬರೆದಿಟ್ಟ. ಹೊಟ್ಟೆ ತುಂಬಿದ ಪ್ರವಾಸಿಗೆ ಬಡವನ ಸಾಲದ ಲೆಕ್ಕ ಅರ್ಥವಾಗುವುದು ಸುಲಭವಲ್ಲ.

ಅದನ್ನು ಅರ್ಥ ಮಾಡಿಕೊಂಡವಳು ಮತಿಲ್ದೆ ಸೆರಾವೊ. ೧೮೮೪ರಲ್ಲಿ, ಕಾಲರಾ ನೇಪಲ್ಸನ್ನು ಹಿಂಡುತ್ತಿದ್ದಾಗ, ಆ ಲೇಖಕಿ ‘ನೇಪಲ್ಸಿನ ಒಡಲು’ ಎಂಬ ಅರ್ಥದ ಹೆಸರಿನ ಪುಸ್ತಕ ಬರೆದಳು. ಒಂದು ಸೋಲ್ದೊ ನಾಣ್ಯಕ್ಕೆ ಪಿಜ್ಜಾದ ಒಂದು ತುಂಡು; ಅಲ್ಲಿನ ಬಡವರ ಬೆಳಗಿನ ಊಟ ಅದು. ಸೆರಾವೊ ಇನ್ನೊಂದು ಸಂಗತಿಯನ್ನೂ ಹೇಳುತ್ತಾಳೆ. ನೇಪಲ್ಸಿನ ಉದ್ಯಮಿಯೊಬ್ಬ ರೋಮಿನಲ್ಲಿ ಪಿಜ್ಜಾದ ಅಂಗಡಿ ತೆರೆದ. ಮೊದಲು ಜನ ನುಗ್ಗಿದರು, ಬರಬರುತ್ತ ತೆಳುವಾದರು. ತನ್ನ ಬೀದಿ, ತನ್ನ ಗದ್ದಲಗಳಿಂದ ಬೇರ್ಪಟ್ಟ ಪಿಜ್ಜಾ ರೋಮಿನಲ್ಲಿ ಬಾಳಲಿಲ್ಲ ಎಂಬುದು ಆಕೆಯ ತೀರ್ಪು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸುಮಾರು ೨೦೦ ಕಿಲೋಮೀಟರು ದೂರದ ರೋಮಿಗೇ ಒಗ್ಗದ ತಿನಿಸು ನಮ್ಮ ಅಡುಗೆಮನೆಗೆ ಒಗ್ಗೀತೆ? ಆಮೇಲೆ ಪಿಜ್ಜಾ ಲೋಕವನ್ನೇ ಸುತ್ತಿತು, ನಿಜ. ಆದರೆ ಮನೆಯಲ್ಲಿ ಮಾಡಹೊರಟವನಿಗೆ ನಿಜವಾದ ತೊಡಕು ಇರುವುದು ಬೆಂಕಿಯಲ್ಲಿ. ನೇಪಲ್ಸಿನ ಪಿಜ್ಜಾದ ಲಕ್ಷಣಗಳನ್ನು ಯೂರೋಪಿನ ಒಕ್ಕೂಟ ೨೦೧೦ರಲ್ಲಿ ಕಾನೂನಿನಂತೆಯೇ ಬರೆದಿಟ್ಟಿತು. ಅದರಂತೆ ಸೌದೆಯ ಗೂಡಿನ ನೆಲ ಸುಮಾರು ೪೮೫ ಡಿಗ್ರಿ ಸೆಲ್ಸಿಯಸ್ ಕಾದಿರಬೇಕು. ಪಿಜ್ಜಾ ೬೦ರಿಂದ ೯೦ ಸೆಕೆಂಡುಗಳಲ್ಲಿ ಬೇಯಬೇಕು. ಮನೆಯ ವಿದ್ಯುತ್ ಒಲೆ ೨೫೦ ಡಿಗ್ರಿ ಮುಟ್ಟಿದರೆ ಹೆಚ್ಚು. ಆ ಮೆಲುಬಿಸಿಯಲ್ಲಿ ಹಸಿ ಹಿಟ್ಟು ಬೇಯಲು ಬಹಳ ಹೊತ್ತು ಬೇಕು. ಅಷ್ಟರಲ್ಲಿ ಅದರ ನೀರೆಲ್ಲ ಆರಿ, ರೊಟ್ಟಿ ಬಿರುಸಾಗುತ್ತದೆ.

ಪೀಟಾ ಈ ತೊಡಕನ್ನು ಬಿಡಿಸುತ್ತದೆ, ಏಕೆಂದರೆ ಅದು ಆಗಲೇ ಬೆಂದಿರುವ ರೊಟ್ಟಿ. ಹುಳಿಬರಿಸಿದ ಗೋಧಿ ಹಿಟ್ಟನ್ನು ತೆಳ್ಳಗೆ ಒತ್ತಿ ಬಲವಾದ ಶಾಖಕ್ಕೆ ಒಡ್ಡಿದಾಗ, ಹಿಟ್ಟಿನೊಳಗಿನ ನೀರು ಆವಿಯಾಗಿ ಎರಡು ಪದರಗಳನ್ನು ಬೇರ್ಪಡಿಸುತ್ತದೆ. ಕೆಂಡದ ಮೇಲೆ ಉಬ್ಬುವ ನಮ್ಮ ಫುಲ್ಕಾದ ಗುಟ್ಟೂ ಇದೇ. ಅಂದಮೇಲೆ ಹಿಟ್ಟು ಬೇಯಿಸುವ ಕೆಲಸ ನಮಗಿಲ್ಲ. ಮೇಲಿನದನ್ನು ಬಿಸಿಮಾಡಿ, ತಳವನ್ನು ಗರಿಗರಿಯಾಗಿಸಿದರೆ ಆಯಿತು.

ಇದು ನೇಪಲ್ಸಿನ ಬಡ ನಕಲು ಎಂದು ಯಾರಾದರೂ ಮೂಗು ಮುರಿದರೆ, ಅವರಿಗೆ ಲೆಬನಾನ್ ದೇಶದ ‘ಮನಊಶೆ’ಯನ್ನು ತೋರಿಸಬಹುದು. ಹಿಟ್ಟಿನ ಬಿಲ್ಲೆಯನ್ನು ಬೆರಳ ತುದಿಗಳಿಂದ ಒತ್ತಿ, ಆಲಿವ್ ಎಣ್ಣೆ, ಎಳ್ಳು, ಒಣಸೊಪ್ಪುಗಳ ಮಿಶ್ರಣ ಸವರಿ ಬೇಯಿಸುವ ಬೆಳಗಿನ ತಿನಿಸು ಅದು. ೨೦೨೩ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಹೆಸರು ‘ನಕ್ಶ್’ ಎಂಬ ಅರಬ್ಬೀ ಧಾತುವಿನಿಂದ ಬಂದದ್ದು; ಕೆತ್ತು, ಅಚ್ಚೊತ್ತು ಎಂದು ಅದರ ಅರ್ಥ. ನಮ್ಮ ‘ನಕ್ಷೆ’ಯೂ ಆ ಧಾತುವಿನದೇ. ರೊಟ್ಟಿಯ ಮೇಲೆ ಬೆರಳುಗಳು ಬರೆದ ನಕ್ಷೆ! ಪೀಟಾದ ಮೇಲಿನ ಪಿಜ್ಜಾ ಈ ಹಿರಿಯ ಮನೆತನದ ಕಿರಿಯ ಕುಡಿ ಎಂದು ತಿಳಿದರೆ ಸಾಕು.

ಇನ್ನು ಮಾಡುವ ಬಗೆ. ಅಂಗೈಯಗಲದ ನಾಲ್ಕು ಪುಟ್ಟ ಪೀಟಾಗಳಿಗೆ ಚೆನ್ನಾಗಿ ಹಣ್ಣಾದ ಎರಡು ಟೊಮೇಟೊ ಸಾಕು. ಅವನ್ನು ಸಣ್ಣಗೆ ಹೆಚ್ಚಿ, ಒಂದು ಚಮಚ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿಯ ಒಂದು ಎಸಳಿನೊಡನೆ ಹಾಕಿ, ಚಿಟಿಕೆ ಉಪ್ಪು ಬೆರೆಸಿ, ಸುಮಾರು ಹತ್ತು ನಿಮಿಷ ಕುದಿಸಿರಿ. ಚಮಚದಿಂದ ಜಾರದೆ ನಿಲ್ಲುವಷ್ಟು ಗಟ್ಟಿಯಾಗಬೇಕು. ನೇಪಲ್ಸಿನವರು ಟೊಮೇಟೊವನ್ನು ಹಸಿಯಾಗಿಯೇ ಸವರುತ್ತಾರೆ, ಅಲ್ಲಿನ ಗೂಡಿನ ಉರಿ ನೀರನ್ನು ಕ್ಷಣದಲ್ಲಿ ಹೀರುತ್ತದೆ. ನಮ್ಮ ಒಲೆಗೆ ಆ ಶಕ್ತಿಯಿಲ್ಲವಾದ್ದರಿಂದ ನೀರನ್ನು ಮುಂಚಿತವಾಗಿ ಇಂಗಿಸಬೇಕು.

ಎರಡನೆಯ ಎಚ್ಚರ ರೊಟ್ಟಿಯದು. ಬರಿಯ ಪೀಟಾವನ್ನು ಮೊದಲು ಎರಡು ನಿಮಿಷ ಬಿಸಿಮಾಡಿ, ಮೇಲ್ಮೈಗೆ ತೆಳ್ಳಗೆ ಎಣ್ಣೆ ಸವರಿರಿ. ಎಣ್ಣೆಯ ಪೊರೆ ಗೊಜ್ಜಿನ ತೇವ ಕೂಡಲೆ ರೊಟ್ಟಿಗೆ ಇಳಿಯದಂತೆ ತಡೆಯುತ್ತದೆ. ಅದರ ಮೇಲೆ ಒಂದು ದೊಡ್ಡ ಚಮಚದಷ್ಟು ಗೊಜ್ಜು. ತುರಿದ ಮೊಟ್ಸರೆಲ್ಲಾ ಚೀಸು ಒಂದು ಹಿಡಿಗಿಂತ ಕಡಿಮೆ, ಸುಮಾರು ೨೦ ಗ್ರಾಂ. ಕಾಗದದಷ್ಟು ತೆಳ್ಳಗೆ ಹೆಚ್ಚಿದ ಈರುಳ್ಳಿ, ದಪ್ಪ ಮೆಣಸಿನಕಾಯಿ. ದಪ್ಪ ಹೋಳುಗಳು ಈ ಅಲ್ಪಕಾಲದಲ್ಲಿ ಬೇಯದೆ ನೀರು ಬಿಟ್ಟು ನಿಲ್ಲುತ್ತವೆ. ಶಾಕಾಹಾರಿಗಳು ಚೀಸಿನ ಪೊಟ್ಟಣದ ಮೇಲೆ ಹಸಿರು ಗುರುತನ್ನು ನೋಡಿಕೊಳ್ಳುವುದು ಒಳಿತು. ಪನೀರು ಹಾಕಬಹುದು, ಆದರೆ ಅದು ಕರಗೀತೆಂದು ಕಾಯಬಾರದು. ನಿಂಬೆಯ ಹುಳಿಯಿಂದ ಹಾಲು ಒಡೆದಾಗ, ಹಾಲಿನ ಪ್ರೋಟೀನುಗಳನ್ನು ಬೆಸೆದಿದ್ದ ಸುಣ್ಣದ ಅಂಶ ಬಹುಮಟ್ಟಿಗೆ ನೀರಿನೊಡನೆ ಹೊರಟುಹೋಗುತ್ತದೆ. ಆಮೇಲೆ ಅದು ಬಿಸಿಗೆ ಕೆಂಪಗಾಗುತ್ತದೆ, ಎಳೆಯೆಳೆಯಾಗಿ ಕರಗುವುದಿಲ್ಲ.

ವಿದ್ಯುತ್ ಒಲೆಯಿದ್ದವರು ಅದನ್ನು ೨೨೦ ಡಿಗ್ರಿಗೆ ಮೊದಲೇ ಕಾಯಿಸಿ, ಆರರಿಂದ ಎಂಟು ನಿಮಿಷ ಇಡಬಹುದು. ಇಲ್ಲದವರಿಗೆ ದೋಸೆಯ ಹಂಚೇ ಸಾಕು. ದಪ್ಪ ತಳದ ಕಾವಲಿಯ ಮೇಲಿಟ್ಟು, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬಿಡಿರಿ. ಚೀಸು ಕರಗಿದೊಡನೆ ಮುಚ್ಚಳ ತೆಗೆದು ಇನ್ನೊಂದು ನಿಮಿಷ ಬಿಟ್ಟರೆ ಕಟ್ಟಿಕೊಂಡ ಆವಿ ಹೊರಟು ತಳ ಗರಿಯಾಗುತ್ತದೆ. ಕೊನೆಗೆ ಹಸಿರೆಲೆ. ಇಟಲಿಯವರು ಹಾಕುವ ‘ಬೇಸಿಲ್’ ಎಂದರೆ ನಮ್ಮ ಕಾಮಕಸ್ತೂರಿಯ ಜಾತಿಯದೇ. ನಮ್ಮದರ ಕಂಪು ತುಸು ಹೆಚ್ಚು ತೀಕ್ಷ್ಣ. ಎರಡು ಎಲೆ ಸಾಕು, ಅದೂ ಒಲೆಯಿಂದ ಇಳಿಸಿದ ಮೇಲೆ. ಬೆಂಕಿಗೆ ಒಡ್ಡಿದರೆ ಕಂಪು ಹಾರಿಹೋಗುತ್ತದೆ.

‘ಹಗುರ’ ಎಂದೆನಲ್ಲ, ಅದರಲ್ಲಿ ಮಾಯೆಯೇನೂ ಇಲ್ಲ. ರೊಟ್ಟಿ ತೆಳು, ಚೀಸು ಮಿತ, ತರಕಾರಿ ಹೆಚ್ಚು, ಇಷ್ಟೇ. ಇನ್ನೂ ಹಗುರ ಬೇಕೆನ್ನುವವರು ಪೀಟಾದ ಎರಡು ಪದರಗಳನ್ನು ಬಿಡಿಸಿ, ಒಂದನ್ನು ಮಾತ್ರ ಬಳಸಬಹುದು. ಚೀಸಿನಲ್ಲಿ ಉಪ್ಪಿರುತ್ತದೆ, ರಕ್ತದೊತ್ತಡವುಳ್ಳವರು ಗೊಜ್ಜಿನ ಉಪ್ಪನ್ನು ಬಿಟ್ಟುಬಿಡುವುದು ಲೇಸು.

೧೮೮೯ರಲ್ಲಿ ಇಟಲಿಯ ರಾಣಿ ಮಾರ್ಗರೀತಾಳಿಗೆ ಎಸ್ಪೊಸಿತೊ ಎಂಬ ನೇಪಲ್ಸಿನ ಬಾಣಸಿಗ ಕೆಂಪು, ಬಿಳಿ, ಹಸಿರುಗಳ ಪಿಜ್ಜಾ ಮಾಡಿಕೊಟ್ಟನೆಂಬ ಕಥೆ ಲೋಕಪ್ರಸಿದ್ಧ. ಇತಿಹಾಸಕಾರರು ಅದರ ಬಗ್ಗೆ ಸಂದೇಹ ತಾಳಿದ್ದಾರೆ. ರಾಣಿ ಮೆಚ್ಚಿದಳೆಂಬ ಮಾತಿಲ್ಲದೆ ಬಡವರ ತಿನಿಸಿಗೆ ಗೌರವವಿಲ್ಲವೆಂದು ಭಾವಿಸುವುದು ಲೋಕದ ರೂಢಿ. ೨೦೧೭ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಿದ್ದು ರಾಣಿಯ ತಟ್ಟೆಯನ್ನಲ್ಲ, ಪಿಜ್ಜಾ ಮಾಡುವ ನೇಪಲ್ಸಿನ ಕೈಗಳ ಕುಶಲತೆಯನ್ನು. ಗೌರವ ಸಲ್ಲಬೇಕಾದದ್ದು ಅಲ್ಲಿಗೇ.

ಒಂಟಿಯಾಗಿ ಉಣ್ಣುವವರಿಗೂ ಈ ಮಾತು ಸಲ್ಲುತ್ತದೆ. ಇನ್ನೊಬ್ಬರು ಬಂದರೆ ಮಾತ್ರ ಅಡುಗೆ, ತನಗೊಬ್ಬನಿಗಾದರೆ ಏನಾದರೂ ಆದೀತು ಎನ್ನುವುದು ಸರಳತೆಯಲ್ಲ; ತನ್ನ ಹಸಿವನ್ನು ತಾನೇ ಕಡೆಗಣಿಸುವುದು. ನಾಲ್ಕು ಪೀಟಾಗಳ ಅಳತೆ ಹೇಳಿದ್ದೇನೆ. ಎರಡು ನಿಮಗೆ. ಉಳಿದೆರಡಕ್ಕೆ ನೆರೆಮನೆಯ ಬಾಗಿಲು ತಟ್ಟಿ ನೋಡಿರಿ. ಅಲ್ಲಿಯೂ ಯಾರೋ ಒಬ್ಬರು ಚಹಕ್ಕೆ ನೀರಿಟ್ಟು, ಬಿಸ್ಕತ್ತಿನ ಡಬ್ಬಿ ತೆರೆಯುತ್ತಿರಬಹುದು.